ಸಕ್ಕರೆ ಇಳಿಸಲು ಹೊರಟವರು

ಜೀನ್ಸ್ ಪ್ಯಾಂಟಿಗೆ ಹಿಂದಿನ ಜೇಬು ಕೂರಿಸುವಾಗ ಮೆಷಿನ್ನಿನ ಸೂಜಿ ನನ್ನ ಎಡಗೈಯ ತೋರುಬೆರಳಿಗೆ ಹೊಕ್ಕು ಮುರಿಯಿತು. ಜೀನ್ಸ್ ಹೊಲಿಯುವ ಗಡಿಯೂರು ರಾಯದುರ್ಗದಲ್ಲಿ ಇದು ಸುದ್ದಿಯೇ ಅಲ್ಲ. ನಮ್ಮ ಯೂನಿಟ್ಟಿನಲ್ಲಿ ಸೂಜಿ ಹೊಕ್ಕದ ಬೆರಳಿರುವವರನ್ನು ಇನ್ನೂ ಕೆಲಸ ಕಲಿಯುತ್ತಿರುವವರು ಎಂದೇ ತಿಳಿಯುತ್ತಿದ್ದರು. ಇಕ್ಕಳದಲ್ಲಿ ಚೂರು ಎಳೆದು, ಅರಿಶಿನ ಮೆತ್ತಿ, ಚಿಂದಿ ಸುತ್ತಿಕೊಂಡು ಮುಂದಿನ ಜೇಬು ಕೈಗೆತ್ತಿಕೊಳ್ಳುವುದು ರೂಢಿ. ಎಲ್ಲರಿಗೂ ವಾರದೊಳಗೆ ಮಾಯುವ ಗಾಯ ನನಗೆ ಐದು ವಾರವಾದರೂ ಮಾಯಲಿಲ್ಲ. ಚಿಂದಿ ಬದಲಾಯಿಸಿದಾಗಲೆಲ್ಲ ಅದು ಅಂದೇ ಆದ ಗಾಯದಂತೆ ಹಸಿಹಸಿಯಾಗಿ ಕಾಣುತ್ತಿತ್ತು.

ನನ್ನ ಗಂಡ ತಿಪ್ಪೇಸ್ವಾಮಿ ಅದೇ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು. ಒಂದು ದಿನ ಬೆರಳನ್ನು ಬಟ್ಟೆಯ ಥಾನು ನೋಡುವಂತೆ ಬೆಳಕಿಗೆ ಹಿಡಿದು ನೋಡಿ, "ಇದು ಡಿಫೆಕ್ಟ್ ಪೀಸ್ ಐತಿ, ನಡಿ ದವಾಖಾನಿಗೆ" ಅಂದರು.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು ಬೆಂಚಿನ ಮೇಲೆ ಕೂರಿಸಿದರು. ಪಕ್ಕದಲ್ಲಿದ್ದ ದಪ್ಪ ಕನ್ನಡಕದ ಹೆಂಗಸು ನನ್ನ ಕಡೆ ಬಾಗಿ ಕೇಳಿದಳು: "ನಿಮ್ದೆಷ್ಟ್ರಿ?"

ವಯಸ್ಸು ಕೇಳುತ್ತಿದ್ದಾಳೆ ಎಂದುಕೊಂಡೆ. "ನಲವತ್ತು" ಅಂದೆ.

ಆಕೆ ಎದ್ದೇ ನಿಂತಳು. "ನಲವತ್ತಾ! ಅಯ್ಯೋ ಶಿವನ, ಇನ್ನೂ ಹೆಂಗ ಕುಂತೀರಿ? ಸಿಸ್ಟರಮ್ಮಾ, ಬರ್ರಿ ಇಲ್ಲಿ! ಈಕಿಗೆ ಶುಗರ್ರು ನಲವತ್ತಂತ, ಬೀಳ್ತಾಳ!"

ನರ್ಸು ಓಡಿಬಂದಳು. ಯಾರೋ ನನ್ನ ಬೆನ್ನು ಹಿಡಿದರು. ಯಾರೋ ತಮ್ಮ ಚೀಲದಿಂದ ಗ್ಲೂಕೋಸ್ ಬಿಸ್ಕತ್ತು ತೆಗೆದು ನನ್ನ ಬಾಯಿಗೆ ತುರುಕಿದರು. ಅದನ್ನು ನುಂಗಿ, ನಲವತ್ತು ನನ್ನ ವಯಸ್ಸು ಎಂದು ನಾನು ಹೇಳುವ ಹೊತ್ತಿಗೆ ಒಳಗಿನಿಂದ ರಿಪೋರ್ಟು ಬಂತು. ಮುನ್ನೂರ ನಲವತ್ತೆರಡು. ಬಿಸ್ಕತ್ತು ಕೊಟ್ಟಾಕೆ ಮಿಕ್ಕದ್ದನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡಳು.

ಡಾಕ್ಟರಮ್ಮ ಒಳ್ಳೆಯವರು. ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡುವವರು. ಮಾತ್ರೆ ಬರೆದು, "ಭಯಪಡೊದ್ದಮ್ಮಾ, ಹೆದರಬ್ಯಾಡ. ಮಾತ್ರೆ ತಗೋ, ಅನ್ನ ಕಡಿಮೆ ಮಾಡು, ದಿನಾ ನಡಿ" ಅಂದರು.

"ದಿನಾ ಹತ್ತು ಗಂಟೆ ಮೆಷಿನ್ ತುಳೀತೀನಲ್ರಿ ಮೇಡಂ."

"ಅದು ಮೆಷಿನ್ ಓಡೋದು. ನೀನು ಕುಂತೇ ಇರ್ತಿ."

ನಿಜವೇ. ನನ್ನ ತವರು ಮಡಕಶಿರದ ಕಡೆ. ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ನಾಲ್ಕು ವರ್ಷ ಕೂತು ಕಾಲರ್ ಹೊಲಿದೆ. ಮದುವೆಯಾದ ಮೇಲೆ ರಾಯದುರ್ಗದಲ್ಲಿ ಹದಿನೈದು ವರ್ಷ ಕೂತು ಜೇಬು ಹೊಲಿದೆ. ನಾನು ಹೊಲಿದ ಪ್ಯಾಂಟುಗಳು ಎಲ್ಲೆಲ್ಲಿ ಓಡಾಡಿ ಬಂದವೋ, ನಾನು ಮಾತ್ರ ಸ್ಟೂಲು ಬಿಟ್ಟು ಎದ್ದವಳಲ್ಲ.

ಮನೆಯಲ್ಲಿ ಈ ಸುದ್ದಿಯನ್ನು ಎಲ್ಲರಿಗಿಂತ ಉತ್ಸಾಹದಿಂದ ಬರಮಾಡಿಕೊಂಡವರು ನನ್ನ ಅತ್ತೆ ಹಂಪಮ್ಮ. ಕಣೇಕಲ್ಲಿನವರು. ವಯಸ್ಸು ಅರವತ್ತೈದು ದಾಟಿದೆ, ಎಷ್ಟು ದಾಟಿದೆ ಎಂದು ಅವರಿಗೂ ಗೊತ್ತಿಲ್ಲ. ಹರೆಯವೆಲ್ಲ ಕೆರೆ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದ ದೇಹ. ಅವರು ಸಂಜೆಯೊಳಗೆ ಇಡೀ ಓಣಿಗೆ ವಿಷಯ ಮುಟ್ಟಿಸಿ, ಓಣಿಯವರು ಹೇಳಿದ ಔಷಧಗಳನ್ನೆಲ್ಲ ಸಂಗ್ರಹಿಸಿಕೊಂಡು ಬಂದರು. ಒಬ್ಬರು ಹಾಗಲಕಾಯಿ ಅಂದಿದ್ದರು, ಇನ್ನೊಬ್ಬರು ನೇರಳೆ ಬೀಜ, ಮತ್ತೊಬ್ಬರು ಮೆಂತ್ಯ, ಬೇವು. ಯಾವುದಕ್ಕೂ ಅನ್ಯಾಯವಾಗಬಾರದೆಂದು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದರು.

"ಬೇರೆ ಬೇರೆ ಕುಡೀಬೇಕಂತಲ್ರಿ ಅತ್ತೆ?"

"ಒಳಗ ಹೋದ ಮ್ಯಾಲ ಎಲ್ಲಾ ಒಂದ ಹೊಟ್ಟ್ಯಾಗ ಇರ್ತಾವಲ್ಲ, ಕುಡಿ."

ಮೂರು ದಿನ ನಾನು ಮನೆಗೂ ಬಚ್ಚಲಿಗೂ ನಡೆದ ನಡಿಗೆ ಡಾಕ್ಟರಮ್ಮ ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ನಾಲ್ಕನೆಯ ದಿನ ಅವರೇ ಅತ್ತೆಯನ್ನು ಕರೆಸಿ ಕಷಾಯ ನಿಲ್ಲಿಸಿದರು.

ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಒಂದು ವಿಷಯವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಅಮ್ಮನಿಗೂ ಇದೇ ಕಾಯಿಲೆ ಇತ್ತು. ನಾನು ಬೆಂಗಳೂರಿನಲ್ಲಿದ್ದಾಗ ಆಕೆಯ ಕಾಲಿಗೆ ಹೊಲದಲ್ಲಿ ಕೂಳೆ ಚುಚ್ಚಿತ್ತು. ಚುಚ್ಚಿದ್ದೇ ಆಕೆಗೆ ಗೊತ್ತಾಗಿರಲಿಲ್ಲ. ಮೊದಲು ಒಂದು ಬೆರಳು ತೆಗೆದರು, ಆಮೇಲೆ ಪಾದ. ರಜೆಗೆ ಬಂದಾಗ ಆಕೆ ಸೆರಗಿನಿಂದ ಕಾಲು ಮುಚ್ಚಿಕೊಂಡು ಕೂತಿದ್ದಳು. ಎರಡು ವರ್ಷದಲ್ಲಿ ಹೋಗಿಬಿಟ್ಟಳು. ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿತ್ತು ಎಂದಷ್ಟೇ ಗಂಡನ ಮನೆಯವರಿಗೆ ಹೇಳಿದ್ದೆವು. ಯಾಕೆ ಹಾಗೆ ಹೇಳಿದೆವೋ, ಮದುವೆಯ ಮಾತುಕತೆ ನಡೆಯುತ್ತಿದ್ದ ಕಾಲ ಅದು. ರಿಪೋರ್ಟು ಬಂದಂದಿನಿಂದ ನಾನು ಪ್ರತಿದಿನ ಮೆಷಿನ್ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲನ್ನು ಪೆಡಲಿನ ಮೇಲಿಡುತ್ತಿದ್ದೆ. ಕಬ್ಬಿಣ ತಣ್ಣಗೆ ತಾಗುತ್ತದೆಯೇ ಎಂದು ನೋಡುತ್ತಿದ್ದೆ. ಒಂದೊಂದು ದಿನ ತಾಗಿದಂತಿರುತ್ತಿತ್ತು, ಒಂದೊಂದು ದಿನ ಇಲ್ಲ.

ನಡೆಯುವುದಕ್ಕಿಂತ ಓಡುವುದು ಮೇಲು ಎಂದವಳು ನನ್ನ ಮಗಳು ಮೇಘನಾ. ಒಂಬತ್ತನೇ ಕ್ಲಾಸು, ಶಾಲೆಯ ಓಟದ ಪಂದ್ಯದಲ್ಲಿ ಓಡುವವಳು. "ನಡದ್ರ ನೀನು ಸಿಕ್ಕೋರ ಜೊತಿ ಮಾತಾಡ್ಕೊಂತ ನಿಂತ್ಬಿಡ್ತಿ. ಓಡಮ್ಮಾ. ಓಡೋರನ್ನ ಯಾರೂ ಮಾತಾಡ್ಸಂಗಿಲ್ಲ."

ಆ ಮಾತು ಎಷ್ಟು ಸುಳ್ಳೆಂದು ಮೊದಲ ದಿನವೇ ತಿಳಿಯಿತು. ರಿಜೆಕ್ಟ್ ಆದ ಸ್ಟ್ರೆಚ್ ಜೀನ್ಸ್ ಬಟ್ಟೆಯಲ್ಲಿ ನಾನೇ ಒಂದು ಪ್ಯಾಂಟು ಹೊಲಿದುಕೊಂಡು, ಮೇಲೆ ಗಂಡನ ಅಂಗಿ ತೊಟ್ಟು, ಬೆಳಕು ಹರಿಯುವಾಗ ಓಣಿಯಲ್ಲಿ ಓಡಲು ಶುರುಮಾಡಿದೆ. ಎರಡನೇ ಕರೆಂಟ್ ಕಂಬ ದಾಟಿರಲಿಲ್ಲ, ಹಿಂದೆ ದಡದಡ ಸದ್ದು. ತಿರುಗಿ ನೋಡಿದರೆ ನಾಲ್ವರು ಹೆಂಗಸರು ಬಿಂದಿಗೆ ಹಿಡಿದು ನನ್ನ ಹಿಂದೆ ಓಡಿಬರುತ್ತಿದ್ದಾರೆ.

"ಯಾವ ನಳದಾಗ ಬಂದೈತ್ರಿ ನೀರು?" ಎಂದು ಮುಂದಿದ್ದವಳು ಏದುಸಿರಿನಲ್ಲಿ ಕೇಳಿದಳು.

"ನೀರು ಬಂದಿಲ್ರಿ."

"ಮತ್ತ್ಯಾಕ ಓಡ್ತೀರಿ?"

"ಸುಮ್ಮನ."

ಆಕೆ ಬಿಂದಿಗೆ ಕೆಳಗಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಸುಮ್ಮನೆ ಓಡುವ ಹೆಂಗಸನ್ನು ಆ ಓಣಿ ಅದುವರೆಗೆ ಕಂಡಿರಲಿಲ್ಲ. ಎರಡನೆಯ ದಿನ ಒಬ್ಬ ಯಜಮಾನರು ಬೈಕು ನಿಲ್ಲಿಸಿ, "ಬರ್ರಿ ತಂಗಿ, ಕೂಡ್ರಿ, ಬಸ್ಸು ಇನ್ನೂ ಸ್ಟ್ಯಾಂಡಿನಾಗ ಐತಿ, ಹಿಡದುಬಿಡಾಮು" ಅಂದರು. ಬೇಡವೆಂದರೂ ಬಿಡಲಿಲ್ಲ. ಪಾಪ, ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಯೇ ಹೋದರು. ಅಲ್ಲಿಂದ ಮನೆಗೆ ಓಡಿಬಂದದ್ದು ಆ ದಿನದ ಲೆಕ್ಕಕ್ಕೆ ಸೇರಿತು.

ಜೀನ್ಸ್ ಪ್ಯಾಂಟಿನಲ್ಲಿ ಓಡಬಾರದೆಂಬುದನ್ನು ನನ್ನ ತೊಡೆಗಳು ಮೂರೇ ದಿನದಲ್ಲಿ ಕಲಿಸಿದವು. ಆಮೇಲೆ ಚೂಡಿದಾರವೇ ಗತಿಯಾಯಿತು. ಮೊದಲ ವಾರ ಮೂರು ಕಂಬ ಓಡಿ ಮೂರು ಕಂಬ ನಡೆಯುತ್ತಿದ್ದೆ. ಎರಡು ತಿಂಗಳಿಗೆ ಶಾಲೆಯ ಮೈದಾನವನ್ನು ನಿಲ್ಲದೆ ನಾಲ್ಕು ಸುತ್ತು ಹಾಕಿದೆ. ನನ್ನ ಗಂಡ ಪ್ರತಿ ಭಾನುವಾರ ಟೇಪು ಹಿಡಿದು ಸೊಂಟ ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಹೆಂಡತಿಯ ಸೊಂಟ ಎನ್ನುವ ನಾಚಿಕೆಯೂ ಇಲ್ಲ, "ಮೂವತ್ತೆಂಟರ ಪೀಸು ಮೂವತ್ತಾರಕ್ಕ ಬಂತು!" ಎಂದು ಹೊರಗೆ ಕೇಳಿಸುವಂತೆ ಕೂಗುತ್ತಿದ್ದರು. ಬೆರಳಿನ ಗಾಯ ಮಾಯಿತು. ಶುಗರ್ ನೂರಾ ಅರವತ್ತಕ್ಕೆ ಇಳಿಯಿತು.

ಬೆಟ್ಟದ ಹುಚ್ಚು ಹತ್ತಿದ್ದು ಆಮೇಲೆ. ಒಂದು ಭಾನುವಾರ ಮಗಳ ಹಟಕ್ಕೆ ಊರಿನ ಕೋಟೆ ಬೆಟ್ಟ ಹತ್ತಿದೆವು. ಇಷ್ಟು ವರ್ಷ ಕಿಟಕಿಯಿಂದ ಕಂಡ ಬೆಟ್ಟದ ಮೇಲೆ ನಿಂತು ನಮ್ಮ ಯೂನಿಟ್ಟಿನ ತಗಡಿನ ಮಾಡು ಹುಡುಕಿದೆವು. ಬೆಂಕಿಪೊಟ್ಟಣದಷ್ಟಿತ್ತು. ಕೆಳಗಿಳಿಯುವಾಗಲೇ ನನ್ನ ಗಂಡ, "ದಸರಾ ರಜಾದಾಗ ನಿಮ್ಮ ಕಡಿ ಹೋಗಾಮು. ಮಡಕಶಿರದಿಂದ ರತ್ನಗಿರಿ ಕೋಟಿತನಕ ನಡಕೊಂತ, ಎರಡು ದಿನ" ಅಂದರು.

ಬೆನ್ನಿಗೆ ಹಾಕುವ ಚೀಲಗಳನ್ನು ನಾವೇ ಹೊಲಿದೆವು. ಅವರು ಕತ್ತರಿಸಿದರು, ನಾನು ಹೊಲಿದೆ. ಜೀನ್ಸಿನ ಚೂರುಗಳನ್ನು ಕೂಡಿಸಿ, ಡಬಲ್ ಹೊಲಿಗೆ ಹಾಕಿ, ಮೂಲೆಮೂಲೆಗೆ ತಾಮ್ರದ ಗುಂಡಿ ಹೊಡೆದ ಚೀಲಗಳು. ಜೇಬು ಹೊಲಿಯುವ ಕೈಯಲ್ಲವೇ, ನನ್ನ ಚೀಲವೊಂದಕ್ಕೇ ಹನ್ನೊಂದು ಜೇಬು ಬಿದ್ದವು. ಮೂರೇ ಚೀಲ ಹೊಲಿದಿದ್ದೆವು. ಹೊರಡುವ ದಿನ ನೋಡಿದರೆ ಅತ್ತೆ ತಲೆಯ ಮೇಲೆ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಾರೆ.

"ಅವ್ವ, ಎರಡು ದಿನ ನಡೀಬೇಕು" ಅಂದರು ಗಂಡ.

"ನೀ ಹುಟ್ಟೋ ಮುಂಜಾನಿ ನಾ ಒಂಬತ್ತು ಮೈಲಿ ನಡದೀನಿ. ಮುಂದ ನಡಿ."

ಮಡಕಶಿರದಲ್ಲಿ ಬಸ್ಸಿಳಿದು ನಡೆಯಲು ಶುರುಮಾಡಿದೆವು. ಬೆನ್ನಿಗೆ ಚೀಲ, ತಲೆಗೆ ಗಂಟು, ಜೊತೆಗೊಬ್ಬ ಹುಡುಗಿ. ನೋಡಿದವರು ಏನು ತಿಳಿಯಬೇಕು? ನಮ್ಮ ಕಡೆ ಅರ್ಧ ಊರು ಕೂಲಿಗೆಂದು ಬೆಂಗಳೂರಿಗೆ ಗುಳೆ ಹೋಗಿ ಬರುತ್ತಲೇ ಇರುತ್ತದೆ. ಮೊದಲ ಹಳ್ಳಿಯ ಚಹಾ ಅಂಗಡಿಯಲ್ಲಿ ಕೂತಿದ್ದ ಮುದುಕಪ್ಪ ಮರುಕದಿಂದ ಕೇಳಿದ: "ಸಾಮಾನ್ ಕಟ್ಕಂಡು ವಾಪಸ್ ಬಂದ್ಬುಟ್ರಾ? ಯಾವ್ ಗಾರ್ಮೆಂಟ್ಸು ಮುಚ್ಚೋಯ್ತು?"

"ಗುಳೆ ಅಲ್ರಿ ಯಜಮಾನ್ರ" ಅಂದರು ಅತ್ತೆ. "ಸಕ್ರಿ ಇಳಸಾಕ ಹೊಂಟೀವಿ."

"ಓ, ಲೋಡಿನ ಕೆಲ್ಸಾನಾ? ಸಕ್ಕರೆ ಎಷ್ಟೈತೆ?"

"ಮುನ್ನೂರ ನಲವತ್ತೆರಡಿತ್ರಿ. ಈಗ ನೂರಾ ಅರವತ್ತು ಉಳದೈತಿ."

"ಅಮ್ಮಮ್ಮಾ! ನಾಕೇ ಜನ ಅಷ್ಟ್ ಮೂಟೆ ಇಳ್ಸಿದ್ರಾ? ಲಾರಿ ಎಲ್ಲೈತೆ?"

ಅತ್ತೆ ನನ್ನನ್ನು ತೋರಿಸಿದರು. "ಇಲ್ಲೇ ನಿಂತೈತಲ್ರಿ."

ಅಂಗಡಿಯಲ್ಲಿದ್ದವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆ ಮುದುಕಪ್ಪ ನಕ್ಕು ನಕ್ಕು ಕೆಮ್ಮಿ, ನಮ್ಮೆಲ್ಲರಿಗೂ ಚಹಾ ಕೊಡಿಸಿದ. ನನ್ನದಕ್ಕೆ ಸಕ್ಕರೆ ಬೇಡವೆಂದು ತಾನೇ ಕೂಗಿ ಹೇಳಿದ.

ಅಂದು ಸಂಜೆ ದಾರಿಯಲ್ಲೇ ಇದ್ದ ನನ್ನ ತವರುಮನೆ ಸೇರಿದೆವು. ಅಣ್ಣ ರಂಗಪ್ಪ ಕುರಿ ರೊಪ್ಪದ ಬಾಗಿಲಲ್ಲೇ ನಿಂತು, "ನೆಡ್ಕಂಡ್ ಬಂದ್ರಾ? ಬಸ್ಸುಗಳೆಲ್ಲ ಎಲ್ಲೋದ್ವು?" ಎಂದು ಗದರಿದ. ರಾಗಿಮುದ್ದೆ, ಹುರುಳಿಸಾರು ಉಂಡು ಮಲಗಿ, ಮಾರನೆಯ ದಿನ ಬೆಳಗ್ಗೆಯೇ ರತ್ನಗಿರಿಯ ಕಡೆ ಹೊರಟೆವು.

ಕೋಟೆಯ ಮೆಟ್ಟಿಲು ಅರ್ಧ ಹತ್ತಿರಬೇಕು, ಮಗಳು ಕಿರುಚಿದಳು. ಮುಂದೆ ಹೋಗುತ್ತಿದ್ದ ಅಪ್ಪನ ಬೆನ್ನೆಲ್ಲ ಕೆಂಪು. ಓಡಿಹೋಗಿ ಚೀಲ ಬಿಚ್ಚಿದರೆ ಒಳಗೆ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ. ಅತ್ತೆ ತಮ್ಮ ಗಂಟಿನ ಭಾರ ತಗ್ಗಿಸಲು ಮಗನಿಗೆ ತಿಳಿಯದಂತೆ ಸೇರಿಸಿದ್ದರು. ಎಣ್ಣೆ ಸೋರಿ ಅಂಗಿ ನೆನೆದು ಸೊಂಟದವರೆಗೆ ಇಳಿದಿತ್ತು.

"ಅದಕ್ಕ ಆಗಿಂದ ಬೆನ್ನು ಉರೀತಿತ್ತು! ಬಿಸಿಲು ಅಂತ ತಿಳ್ಕೊಂಡಿದ್ದೆ" ಅಂದರು ಅವರು.

ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮತ್ತೆ ಹತ್ತತೊಡಗಿದೆವು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಮಗಳು, "ಅಪ್ಪಾ, ಉಪ್ಪಿನಕಾಯಿ ಇನ್ನೂ ಸೋರಾಕ ಹತ್ತೈತಿ, ಕಲ್ಲಿನ ಮ್ಯಾಲೆಲ್ಲ ಬಿದ್ದೈತಿ" ಅಂದಳು.

ಜಾಡಿ ಆಗಲೇ ಅತ್ತೆಯ ಗಂಟು ಸೇರಿತ್ತು. ನಾನು ಕೆಳಗೆ ನೋಡಿದೆ. ಮೆಟ್ಟಿಲಿಗೊಂದರಂತೆ ಕೆಂಪು ಗುರುತು. ಕೊನೆಯ ಗುರುತು ನನ್ನ ಬಲಗಾಲಿನ ಬೂಟಿನ ಕೆಳಗಿತ್ತು.

ಕೂತು ಬೂಟು ಬಿಚ್ಚಿದೆ. ಬಳ್ಳಾರಿ ಜಾಲಿಯ ಮುಳ್ಳೊಂದು ಅಟ್ಟೆ ತೂರಿ ಅಂಗಾಲಿಗೆ ಇಳಿದಿತ್ತು. ಕಾಲುಚೀಲ ನೆನೆದು ಮುದ್ದೆಯಾಗಿತ್ತು. ಯಾವಾಗ ಚುಚ್ಚಿತೋ, ಎಷ್ಟು ದೂರ ಅದನ್ನು ತುಳಿದುಕೊಂಡು ಬಂದೆನೋ, ನನಗೆ ಗೊತ್ತಿರಲಿಲ್ಲ. ಒಂದಿಷ್ಟೂ ನೋವಿರಲಿಲ್ಲ. ನೋವಿಲ್ಲದ್ದಕ್ಕೆ ನಾನು ಅಳತೊಡಗಿದೆ.

ಎಲ್ಲರೂ ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡರು. ಅತ್ತೆ ಗಂಟು ಇಳಿಸಿ, ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು.

"ಅತ್ತೆ, ಬಿಡ್ರಿ, ನೀವು ನನ್ನ ಕಾಲು ಮುಟ್ಟಬ್ಯಾಡ್ರಿ."

"ಸುಮ್ಮಕಿರು. ಗದ್ದ್ಯಾಗ ಎಷ್ಟು ಮಂದಿ ಕಾಲಿನ ಮುಳ್ಳು ತಗದೀನಿ ನಾನು."

ಒಂದೇ ಎಳೆತಕ್ಕೆ ಮುಳ್ಳು ಬಂತು. ಕುಡಿಯುವ ನೀರೆಲ್ಲ ಸುರಿದು ತೊಳೆದರು. ಹೊಸ ಟವೆಲು ಹರಿದು ಕಟ್ಟಿದರು. ಅವರ ಒರಟು ಕೈ ಅಂಗಾಲನ್ನು ಉಜ್ಜುವುದು ನನಗೆ ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಆಗ ನನ್ನ ಬಾಯಿಂದ ಎಲ್ಲ ಹೊರಬಂತು. ಅಮ್ಮನಿಗೆ ಅಪಘಾತವಾಗಿರಲಿಲ್ಲ, ಹೀಗೇ ಆಗಿತ್ತು, ಹೀಗೇ ತಿಳಿಯದೆ ಚುಚ್ಚಿತ್ತು, ಪಾದ ತೆಗೆದರು, ನಾವು ನಿಮಗೆ ಸುಳ್ಳು ಹೇಳಿದೆವು ಅಂದೆ. ಗಂಡ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ಅತ್ತೆ ಟವೆಲಿನ ಗಂಟು ಬಿಗಿದು, "ಇಷ್ಟು ವರ್ಷ ಇದನ್ನ ಒಬ್ಬಾಕಿನ ಹೊತ್ಕೊಂಡು ತಿರುಗಿದ್ಯಾ? ಹುಚ್ಚಿ" ಅಂದರು. ಅಷ್ಟೇ ಅಂದರು.

ಅವರೂ ಗಂಡನೂ ಎರಡು ಕಡೆ ಹೆಗಲು ಕೊಟ್ಟು ನನ್ನನ್ನು ಕೆಳಗಿಳಿಸಿದರು. ಫೋನ್ ಮಾಡಿದ್ದಕ್ಕೆ ಅಣ್ಣ ಆಟೋ ತಂದ. ಮಡಕಶಿರದ ಆಸ್ಪತ್ರೆಯಲ್ಲಿ ಮತ್ತೆ ಬೆಂಚು. ಎದುರಿನ ಗೋಡೆಯ ಗಡಿಯಾರ ನಿಂತುಹೋಗಿತ್ತು, ಅದನ್ನೇ ನೋಡುತ್ತಾ ಕೂತೆ. ಗಂಡನ ಅಂಗಿಯ ಉಪ್ಪಿನಕಾಯಿ ವಾಸನೆಗೆ ಪಕ್ಕದಲ್ಲಿದ್ದ ಮಗುವೊಂದು, "ಅಮ್ಮಾ, ಅನ್ನ" ಎಂದು ರಾಗ ಎಳೆಯುತ್ತಿತ್ತು.

ವಯಸ್ಸಾದ ಡಾಕ್ಟರು ಗಾಯ ತೊಳೆದು ಇಂಜೆಕ್ಷನ್ ಕೊಟ್ಟರು. ಕಣ್ಣು ಮುಚ್ಚಿಸಿ, ನೈಲಾನ್ ದಾರದಂಥದ್ದನ್ನು ಅಂಗಾಲಿನ ಹತ್ತು ಕಡೆ ಮುಟ್ಟಿಸುತ್ತಾ, "ಈಗ? ಈಗ?" ಎಂದು ಕೇಳಿದರು. ಏಳು ಕಡೆ ತಿಳಿಯಿತು. ಮೂರು ಕಡೆ ಅವರು ಕೇಳಿದ್ದು ಮಾತ್ರ ಕೇಳಿಸಿತು.

"ನರ ಒಂಚೂರು ಮಂಕಾಗವೆ ಕಣಮ್ಮ. ಗಾಯ ಚಿಕ್ಕದು, ಕಾಲು ಎಲ್ಲೂ ಓಗಲ್ಲ" ಅಂದರು. "ಆದ್ರೆ ಇನ್ಮೇಲೆ ಕಾಲು ಹೇಳ್ದೆ ಇರೋದ್ನ ಕಣ್ಣು ನೋಡ್ಬೇಕು. ದಿನಾ ನೋಡ್ಬೇಕು. ಸಕ್ಕರೆ ಇಳ್ಸಿದ್ದೀಯಲ್ಲ, ಅದೇ ನಿನ್ನ ಪುಣ್ಯ."

ಪುಣ್ಯವಂತೆ. ರಾಯದುರ್ಗಕ್ಕೆ ಮರಳಿ ಮೂರು ವಾರ ನಾನು ಹಾಸಿಗೆಯ ಮೇಲೇ ಕೂತಿದ್ದೆ. ಹನ್ನೆರಡನೆಯ ದಿನಕ್ಕೆ ಹಕ್ಕಳೆ ಉದುರಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು, ಆದರೂ ನಾನು ಏಳಲಿಲ್ಲ. ಓಡಿದ್ದಕ್ಕೇ ಹೀಗಾಯಿತು, ಸುಮ್ಮನೆ ಕೂತಿದ್ದರೆ ಕಾಲು ಉಳಿಯುತ್ತದೆ ಎಂದು ಮನಸ್ಸು ಹೇಳುತ್ತಿತ್ತು. ಡಾಕ್ಟರಮ್ಮ ದಪ್ಪ ಅಟ್ಟೆಯ ಬೂಟು ಹಾಕಿ ಓಡಬಹುದೆಂದರು. ತಲೆಯಾಡಿಸಿ ಮನೆಗೆ ಬಂದು ಮತ್ತೆ ಕೂತೆ.

ಒಂದು ಬೆಳಗ್ಗೆ ಅತ್ತೆ ಹೊಸ ಬೂಟುಗಳನ್ನು ತಂದು ಮುಂದಿಟ್ಟುಕೊಂಡು ಕೂತರು. ಒಂದೊಂದರೊಳಗೂ ಕೈ ಹಾಕಿ, ಮೂಲೆಮೂಲೆ ತಡವಿ, ತಲೆಕೆಳಗು ಮಾಡಿ ಕೊಡವಿ, ನನ್ನ ಕಾಲ ಬಳಿ ಇಟ್ಟರು.

"ನಿನ್ನ ಕಾಲಿಗೆ ಗೊತ್ತಾಗಂಗಿಲ್ಲ, ನನ್ನ ಕೈಗೆ ಗೊತ್ತಾಕೈತಿ. ಏಳು."

ಎದ್ದೆ. ಅಂದಿನಿಂದ ಇಂದಿನವರೆಗೆ ಅವರ ತಪಾಸಣೆಯಿಲ್ಲದೆ ನಾನು ಬೂಟು ಹಾಕಿಲ್ಲ. ಇದುವರೆಗೆ ಅವರಿಗೆ ಅದರಲ್ಲಿ ಸಿಕ್ಕಿರುವುದು ಎರಡು ಹರಳು, ಒಂದು ಹಲ್ಲಿಯ ಬಾಲ, ಮತ್ತು ಇಡೀ ಮನೆ ಎರಡು ದಿನ ಹುಡುಕಿದ್ದ ಬೀರುವಿನ ಬೀಗದ ಕೈ. ವಾಪಸು ಬಂದಾಗ ಅವರು ಬಾಗಿಲಲ್ಲೇ ನನ್ನನ್ನು ಕೂರಿಸಿ ಎರಡೂ ಅಂಗಾಲು ನೋಡುತ್ತಾರೆ. ಓಣಿಯವರಿಗೆ ಇದು ದಿನದ ನೋಟ. ಹಂಪಮ್ಮ ಸೊಸೆಯ ಕಾಲು ಹಿಡಿಯುತ್ತಾಳೆ ಎಂದು ಯಾರೋ ಅಂದರಂತೆ. "ಹೌದ್ರಿ, ಹಿಡೀತೀನಿ, ಬಿಟ್ರ ಓಡಿಹೋಗ್ತಾಳ" ಅಂದರಂತೆ ಇವರು.

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಮಾತ್ರೆ ನಡೆದಿದೆ. ಮೊನ್ನೆಯ ಪರೀಕ್ಷೆಯಲ್ಲೂ ಹತ್ತರಲ್ಲಿ ಏಳೇ. ಆ ಮೂರು ಮತ್ತೆ ಬರುತ್ತವೆಯೇ ಎಂದರೆ ಡಾಕ್ಟರಮ್ಮ, "ಇರೋ ಏಳನ್ನ ಚೆನ್ನಾಗಿ ನೋಡ್ಕೋ" ಅಂದರು. ತಿಂಗಳಿಗೊಮ್ಮೆ ನಾಲ್ವರೂ ಚೀಲ ಕಟ್ಟುತ್ತೇವೆ. ಮಡಕಶಿರದ ಬೆಟ್ಟ ಆಯಿತು, ರತ್ನಗಿರಿಯ ಉಳಿದರ್ಧವೂ ಆಯಿತು.

ಹೋದ ತಿಂಗಳು ಒಂದು ಬೆಳಗ್ಗೆ ಅತ್ತೆ ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಬಂದವರು ಜಗಲಿಯ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಕೂತರು. ಕೈಯಲ್ಲಿ ಆಸ್ಪತ್ರೆಯ ಚೀಟಿ.

"ಏನಾತ್ರಿ ಅತ್ತೆ?"

"ಸಕ್ರಿ ಟೆಸ್ಟ್ ಮಾಡಿಸ್ಕೊಂಡು ಬಂದೆ."

"ಏನಂತ್ರಿ?"

"ಏನೂ ಇಲ್ಲಂತ. ಒಂಚೂರೂ ಇಲ್ಲಂತ." ದನಿಯಲ್ಲಿ ದುಃಖವಿತ್ತು.

"ಒಳ್ಳೇದಾತಲ್ರಿ! ಮತ್ತ್ಯಾಕ ಹಿಂಗ ಕುಂತೀರಿ?"

ಸೆರಗಿನ ಅಂಚು ಮಡಚಿದರು. "ನಿನ್ನಿ ಅವ ನಿನ್ ಕೂಡ ಅನ್ನೋದು ಕೇಳಿದೆ. ಅವ್ವಗ ವಯಸ್ಸಾತು, ಇನ್ಮ್ಯಾಲ ಮನ್ಯಾಗ ಬಿಟ್ಟು ಹೋಗಾಮು ಅಂದ. ನಂಗೂ ಸಕ್ರಿ ಇದ್ದಿದ್ರ ಬಿಟ್ಟು ಹೋಗಾಕ ಬರ್ತಿರ್ಲಿಲ್ಲ."

ಅವರು ಚೀಟಿ ನನ್ನ ಕೈಗಿಟ್ಟರು. "ಡಾಕ್ಟರಮ್ಮಗ ಎಲ್ಲಾ ಹೇಳ್ದೆ. ನಕ್ಕೊಂತ ಏನೋ ಬರದಾಳ. ಓದು. ಗುಳಿಗಿ ಏನರ ಐತೇನು?"

ಗುಳಿಗೆ ಇರಲಿಲ್ಲ. ತೆಲುಗಿನಲ್ಲಿ ಎರಡೇ ಸಾಲು. ನಾನು ಕನ್ನಡ ಮಾಡಿ ಓದಿದೆ: "ಸೊಸೆಯ ಜೊತೆ ಬೆಟ್ಟ ಹತ್ತುವುದು. ತಿಂಗಳಿಗೆ ಒಂದು ಸಲ, ತಪ್ಪಿಸಬಾರದು."

"ಎಷ್ಟು ದಿನ ಅಂತ ಬರದಾಳ?"

ಚೀಟಿಯನ್ನು ತಿರುಗಿಸಿ ನೋಡಿದೆ. ಅದನ್ನು ಬರೆದಿರಲಿಲ್ಲ.

"ನಾನು ಇರೋ ತನಕ ಅಂತ ಬರದಾರ್ರಿ" ಅಂದೆ.

ಅತ್ತೆ ಚೀಟಿ ಕಿತ್ತುಕೊಂಡು, ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು ಎದ್ದರು. "ಹಂಗಾರ ಅವ ಬರ್ಲಿ ಇವತ್ತು" ಅಂದರು. "ಡಾಕ್ಟರ ಮಾತು ಮೀರೋವಷ್ಟು ದೊಡ್ಡಾವ ಆಗ್ಯಾನೇನು ಕೇಳ್ತೀನಿ."